ಕಡಿಮೆ ಓಡಿದ ಟೊಯೊಟಾ 86: ಮೊದಲು ಹೆಡರೋ, ಟೈರೋ?

2013ರ ಸ್ಪೋರ್ಟ್ಸ್ ಕಾರು, ಓಡಿರುವುದು ಬರೀ 30,000 ಕಿಲೋಮೀಟರ್. ಮುಂದೆ ಯಾವುದಕ್ಕೆ ದುಡ್ಡು ಹಾಕಬೇಕು?

ಹೆಡರ್ (ಎಂಜಿನ್‌ನಿಂದ ಹೊಗೆ ಹೊರಗೆ ಒಯ್ಯುವ ಮೊದಲ ಪೈಪುಗಳು), ಟ್ಯೂನ್ (ಎಂಜಿನ್ ಕಂಪ್ಯೂಟರ್‌ನ ಸೆಟ್ಟಿಂಗ್ ಬದಲಾವಣೆ) ಆಸೆ ಹುಟ್ಟಿಸುತ್ತವೆ, ಅಲ್ವಾ? ಈ 2.0 ಲೀಟರ್ ಬಾಕ್ಸರ್ ಎಂಜಿನ್‌ಗೆ 4,000 ಆರ್‌ಪಿಎಂ ಆಸುಪಾಸಿನಲ್ಲಿ ಉಸಿರು ಕಟ್ಟಿದ ಹಾಗಾಗುತ್ತದೆ. ಹೆಡರ್, ಟ್ಯೂನ್ ಎರಡನ್ನೂ ಒಟ್ಟಿಗೆ ಮಾಡಿಸಿದರೆ ಎಳೆತದ ಆ ತಗ್ಗು ಬಹುಮಟ್ಟಿಗೆ ತುಂಬುತ್ತದೆ. ಆದರೆ ಹೊಗೆಯ ವಿಷ ತಗ್ಗಿಸುವ ಮುಖ್ಯ ಕ್ಯಾಟಲಿಟಿಕ್ ಕನ್ವರ್ಟರ್ ಕಾರಿನ ಜೊತೆ ಬಂದ ಹೆಡರ್‌ನಲ್ಲೇ ಇದೆ. ಅದನ್ನು ತೆಗೆದರೆ ಹೊಗೆ ಪರೀಕ್ಷೆಯಲ್ಲಿ ಸಿಕ್ಕಿಬೀಳಬಹುದು.

ಈಗ ಟೈರ್ ಪಕ್ಕ ಬಗ್ಗಿ ನೋಡಿ. ಅಲ್ಲಿ 1813 ಅಂತಿದ್ದರೆ ಅದು 2013ರ 18ನೇ ವಾರ ತಯಾರಾದದ್ದು. ಟೈರಿನ ಬಟನ್ (ಮೇಲ್ಮೈಯ ಅಚ್ಚು) ಚೆನ್ನಾಗಿದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ, ಮಳೆಯಲ್ಲಿ ಹಿಡಿತ ಸಿಗಲ್ಲ. ಬ್ರೇಕ್ ಆಯಿಲ್ ಕೂಡ ಕಾರು ಸುಮ್ನೆ ನಿಂತಿದ್ದರೂ ತೇವ ಹೀರುತ್ತದೆ.

ನಾನಾದರೆ ಹೊಸ 215/45 ಆರ್17 ಟೈರ್, ಹೊಸ ಬ್ರೇಕ್ ಆಯಿಲ್, ಒಳ್ಳೆ ಬ್ರೇಕ್ ಪ್ಯಾಡ್ ಮೊದಲು ಹಾಕಿಸುತ್ತೇನೆ. ಹೆಡರ್ ಮುಂದಿನ ವರ್ಷ. ಕಾಯಿಲ್‌ಓವರ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೇರಿದ ಸಸ್ಪೆನ್ಷನ್) ಸದ್ಯಕ್ಕೆ ಬೇಡವೇ ಬೇಡ.