ಹೂದಾನಿಯಲ್ಲಿ ಜಿನಿಯಾ ನಿಲ್ಲಿಸಲು ಫೋಮ್ ಇಟ್ಟಿಗೆಯೋ, ಮುಳ್ಳುಬಿಲ್ಲೆಯೋ, ಕೋಳಿ ಜಾಲರಿಯೋ?

ಪುಣೆಯ ಕೋಥರೂಡಿನಲ್ಲಿರುವ ನಮ್ಮ ತಾರಸಿಯಲ್ಲಿ ಏಪ್ರಿಲ್ ಬಿಸಿಲಿಗೆ ಜಗ್ಗದೆ ಹೂ ಬಿಡುವ ಗಿಡಗಳು ಮೂರೇ: ಜಿನಿಯಾ, ಇಲ್ಲಿನವರು ಗಲಾಂಡಾ ಎನ್ನುವ ಗೈಲಾರ್ಡಿಯಾ, ಮತ್ತು ಸುಗಂಧರಾಜ. ಇವುಗಳ ಪಕ್ಕದಲ್ಲೇ ನಾನು ಕೊಯ್ಯಲು ಮರೆತು ಬೀಜಕ್ಕೆ ಬಂದ ಸಬ್ಬಸಿಗೆಯ ಕೊಡೆಗಳು, ಈರುಳ್ಳಿಯ ಹೂಗುಂಡುಗಳು, ಕಾಮಕಸ್ತೂರಿಯ ಒಣ ತೆನೆಗಳು. ಇವೆಲ್ಲವನ್ನೂ ಕೊಯ್ದು ಹೂದಾನಿಯಲ್ಲಿ ಒಟ್ಟಿಗೆ ನಿಲ್ಲಿಸಲು ಯಾವ ಆಧಾರ ಒಳ್ಳೆಯದು ಎಂದು ಈ ಬೇಸಿಗೆಯಲ್ಲಿ ಮೂರನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದೆ.

ಮೊದಲ ಸಲ ಪರೀಕ್ಷೆಯೇ ಕೆಟ್ಟಿತು. ಅಂದ ಹೆಚ್ಚಲೆಂದು ಗುಲ್ಟೆಕಡಿಯ ಮಾರ್ಕೆಟ್ ಯಾರ್ಡ್‌ನಿಂದ ತಂದ ಕಾರ್ನೇಷನ್‌ಗಳನ್ನೂ ಸೇರಿಸಿದ್ದೆ. ಮೂರೂ ಪಾತ್ರೆಗಳಲ್ಲಿ ಅವು ಎರಡೇ ದಿನಕ್ಕೆ ದಳ ಒಳಮುಚ್ಚಿ ಮಲಗಿಬಿಟ್ಟವು. ತಪ್ಪು ಆಧಾರದ್ದಲ್ಲ. ಅದೇ ಕೋಣೆಯ ದಿವಾನದ ಕೆಳಗೆ ಹುಲ್ಲಿನಲ್ಲಿ ಹಣ್ಣಾಗುತ್ತಿದ್ದ ಎರಡು ಪೆಟ್ಟಿಗೆ ಹಾಪೂಸ್ ಮಾವು ಇತ್ತು. ಮಾವು ಹಣ್ಣಾಗುವಾಗ ಹೊರಬಿಡುವ ಎಥಿಲೀನ್ ಅನಿಲಕ್ಕೆ ಕಾರ್ನೇಷನ್ ಬಹಳ ಬೇಗ ಸೋಲುತ್ತದೆ. ಮಾವನ್ನು ಸರಿಸಲು ಮನೆಯಲ್ಲಿ ಯಾರೂ ಒಪ್ಪಲಿಲ್ಲ. ಹೂವನ್ನೇ ಇನ್ನೊಂದು ಕೋಣೆಗೆ ಸಾಗಿಸಿ, ತಾರಸಿಯ ಹೂಗಳಿಂದಷ್ಟೇ ಮತ್ತೆ ಶುರುಮಾಡಿದೆ.

ಕೊಯ್ದದ್ದು ಬೆಳಗಿನ ಆರೂವರೆಗೆ. ಜಿನಿಯಾದ ದಂಟನ್ನು ಹೂವಿನಿಂದ ಒಂದು ಗೇಣು ಕೆಳಗೆ ಹಿಡಿದು ಅಲ್ಲಾಡಿಸಬೇಕು. ತಲೆ ತೂಗಾಡಿದರೆ ಗಿಡದಲ್ಲೇ ಬಿಡಬೇಕು, ಕೋಲಿನಂತೆ ನೆಟ್ಟಗೆ ನಿಂತರೆ ಮಾತ್ರ ಕತ್ತರಿ. ನೀರಿಗೆ ತಾಗುವ ಎಲೆಗಳನ್ನೆಲ್ಲ ಸವರಿ, ಬಕೆಟ್ಟಿನಲ್ಲಿ ಕುತ್ತಿಗೆಯವರೆಗೆ ಮುಳುಗಿಸಿ, ಮೂರು ಗಂಟೆ ನೆರಳಿನಲ್ಲಿಟ್ಟೆ.

ನೀರು ಹೀರಿಕೊಂಡು, ಚುಚ್ಚಿದ ದಂಟನ್ನು ಹಿಡಿದಿಡುವ ಹಸಿರು ಫೋಮ್ ಇಟ್ಟಿಗೆ ಅಮೆರಿಕದಲ್ಲಿ 1954ರಲ್ಲಿ ಹುಟ್ಟಿದ್ದು. ನಮ್ಮ ಮದುವೆ ಮಂಟಪಗಳ ಹೂವಿನ ಅಲಂಕಾರದಲ್ಲಿ ಇಂದಿಗೂ ಅದರದೇ ಕಾರುಬಾರು. ಚುಚ್ಚಿದ ಕೋನದಲ್ಲೇ ದಂಟು ನಿಲ್ಲುವುದರಿಂದ ಮೊದಲ ದಿನ ಎಲ್ಲಕ್ಕಿಂತ ಚೆಂದ ಕಂಡದ್ದೂ ಅದೇ. ಆದರೆ ಜಿನಿಯಾದ ದಂಟು ಟೊಳ್ಳು: ಚುಚ್ಚುವಾಗ ಎರಡು ಮಡಚಿಕೊಂಡವು, ಉಳಿದವಕ್ಕೆ ಪೆನ್ಸಿಲ್ಲಿನಿಂದ ತೂತು ಮಾಡಿಕೊಡಬೇಕಾಯಿತು. ಮೂರನೆಯ ದಿನ ಐದೂ ಜಿನಿಯಾಗಳು ತಲೆ ತಗ್ಗಿಸಿದವು. ಸಿಟ್ಟಿಗೆ ಇಟ್ಟಿಗೆಯನ್ನೇ ಚಾಕುವಿನಿಂದ ಸೀಳಿದೆ. ಸುತ್ತಲೂ ಕಡುಹಸಿರು ಒದ್ದೆ. ನಡುವೆ ನಿಂಬೆಹಣ್ಣಿನ ಗಾತ್ರದಷ್ಟು ಜಾಗ ತಿಳಿಹಸಿರಾಗಿ, ಬೆರಳಿಗೆ ಪುಡಿಪುಡಿಯಾಗಿ, ಪೂರ್ತಿ ಒಣಗಿತ್ತು. ನೆನೆಸುವಾಗ ನಾನು ಕೈಯಿಂದ ಅದುಮಿದ್ದೇ ಕಾರಣ. ತಾನಾಗಿಯೇ ಮುಳುಗಲು ಬಿಡದಿದ್ದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ, ಆಮೇಲೆ ಎಷ್ಟು ನೀರು ಹೊಯ್ದರೂ ಪ್ರಯೋಜನವಿಲ್ಲ. ಮೇಲಾಗಿ ಇದು ಮಣ್ಣಿನಲ್ಲಿ ಕರಗದ ಪ್ಲಾಸ್ಟಿಕ್. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ತನ್ನ ಪ್ರದರ್ಶನಗಳಿಂದ ಇದನ್ನು ಹೊರಗಿಟ್ಟಿದೆ.

ಜಪಾನಿನ ಕೆಂಜಾನ್ ಅನ್ನು ನಾನು ಮುಳ್ಳುಬಿಲ್ಲೆ ಎನ್ನುತ್ತೇನೆ. ಮೂಲ ಹೆಸರಿನ ಅರ್ಥ ಕತ್ತಿಗಳ ಬೆಟ್ಟ. ಸೀಸದ ತಳ, ಅದರ ಮೇಲೆ ಒತ್ತೊತ್ತಾಗಿ ಹಿತ್ತಾಳೆಯ ಸೂಜಿಗಳು. ಮೂರರಲ್ಲಿ ದುಬಾರಿ ಇದೇ, ಆದರೆ ಒಮ್ಮೆ ಕೊಂಡರೆ ಮುಗಿಯಿತು. ಒಂದೇ ಈರುಳ್ಳಿ ಹೂಗುಂಡು, ಎರಡು ಸಬ್ಬಸಿಗೆ ಕೊಡೆ, ನಡುವೆ ಖಾಲಿ ಜಾಗ ಎಂಬಂಥ ಜೋಡಣೆಗೆ ಇದಕ್ಕೆ ಸಾಟಿಯಿಲ್ಲ. ಗೈಲಾರ್ಡಿಯಾದ ಸಣ್ಣ ದಂಟುಗಳು ಮಾತ್ರ ಸೂಜಿಗಳ ನಡುವೆ ಜಾರಿ ಬೀಳುತ್ತಿದ್ದವು. ಈರುಳ್ಳಿಯ ಟೊಳ್ಳು ದಂಟನ್ನು ಎರಡು ಅಂಗುಲ ಕತ್ತರಿಸಿ, ಅದರೊಳಗೆ ಗೈಲಾರ್ಡಿಯಾ ತೂರಿಸಿ ಚುಚ್ಚಿದಾಗ ನಿಂತವು. ಕೋಣೆಯಲ್ಲಿ ಸಣ್ಣಗೆ ಒಗ್ಗರಣೆಗೆ ಮುಂಚಿನ ವಾಸನೆ ಹರಡಿತು, ಅದು ಬೇರೆ ಮಾತು. ದೊಡ್ಡ ತೊಂದರೆ ನೀರಿನದು. ಅಗಲ ಬಾಯಿಯ ತಟ್ಟೆಯಲ್ಲಿ ಎರಡು ಬೆರಳು ನೀರು. ಬೆಳಿಗ್ಗೆ ತುಂಬಿಸಿದರೆ ಸಂಜೆಯ ಪಡುವಣ ಗಾಳಿಯ ಹೊತ್ತಿಗೆ ಸೂಜಿಗಳ ತುದಿ ಕಾಣುತ್ತಿತ್ತು. ಒಂದು ಭಾನುವಾರ ಊರಾಚೆ ಹೋಗಿ ಬರುವಷ್ಟರಲ್ಲಿ ಕಥೆ ಮುಗಿದಿತ್ತು. ಅಂದಿಗೆ ಐದನೆಯ ದಿನ.

ಗೆದ್ದದ್ದು ಹಾರ್ಡ್‌ವೇರ್ ಅಂಗಡಿಯ ಕೋಳಿ ಜಾಲರಿ, ಅಂದರೆ ಕೋಳಿಗೂಡಿಗೆ ಕಟ್ಟುವ ತಂತಿಬಲೆ. ಒಂದೂವರೆ ಅಡಿ ತುಂಡನ್ನು ಸಡಿಲವಾಗಿ ಮುದ್ದೆ ಮಾಡಿ, ಅತ್ತೆ ಧಾರವಾಡದಿಂದ ತಂದ ಹಿತ್ತಾಳೆ ಚೊಂಬಿನೊಳಗೆ ಇಳಿಸಿದೆ. ದಂಟು ಮೇಲಿನ ಒಂದು ಕಣ್ಣು, ಕೆಳಗಿನ ಇನ್ನೊಂದು ಕಣ್ಣು ಎರಡನ್ನೂ ಹಾದುಹೋಗುವುದರಿಂದ ಆಚೀಚೆ ವಾಲುವುದಿಲ್ಲ. ಇಷ್ಟವಾಗದಿದ್ದರೆ ಎಳೆದು ಬೇರೆ ಕಡೆ ಇಡಬಹುದು, ಫೋಮಿನಲ್ಲಿ ಆ ಭಾಗ್ಯವಿಲ್ಲ. ಬಾಯಿ ಕಿರಿದು, ನೀರು ಆಳ. ದಿನಕ್ಕೊಮ್ಮೆ ಚೊಂಬನ್ನು ಬಗ್ಗಿಸಿ ಹಳೆಯ ನೀರು ಚೆಲ್ಲಿದರೂ ಹೂಗಳು ಅಲುಗಲಿಲ್ಲ. ಜಿನಿಯಾ ಎಂಟು ದಿನ ಬಂದವು. ಸುಗಂಧರಾಜ ಕೆಳಗಿನಿಂದ ಮೇಲಕ್ಕೆ ಅರಳುತ್ತ ಹೋದಂತೆ ಬಾಡಿದ ಕೆಳಗಿನ ಹೂಗಳನ್ನು ನಾನು ಚಿವುಟುತ್ತ ಹೋದೆ, ಅಷ್ಟೇ ಕೆಲಸ. ಕತ್ತರಿಸಿದ ತಂತಿಯ ತುದಿ ಕೈ ಗೀರುತ್ತದೆ, ಚೊಂಬಿನ ಒಳಮೈಯನ್ನೂ ಗೀರುತ್ತದೆ.

“ದೇವರಿಗೆ ಏರಿಸದ ಹೂವಿಗೆ ನನ್ನ ಚೊಂಬೇ ಬೇಕಿತ್ತೇನವ್ವಾ?” ಎಂದರು ಅತ್ತೆ. ಈಗ ಜಾಲರಿಯ ತುದಿಗಳನ್ನು ಒಳಕ್ಕೆ ಮಡಚುತ್ತೇನೆ.

ದಳ ಉದುರಿ ಗುಂಡಾದ ಗೈಲಾರ್ಡಿಯಾ, ಕಾಮಕಸ್ತೂರಿಯ ತೆನೆ ಇವಕ್ಕೆ ನೀರೇ ಬೇಡ. ಖಾಲಿ ಉಪ್ಪಿನಕಾಯಿ ಭರಣಿಗೆ ಅರ್ಧ ಮರಳು ತುಂಬಿ ನೆಟ್ಟಿದ್ದೇನೆ. ಸಬ್ಬಸಿಗೆ ಮಾತ್ರ ಬೀಜ ಉದುರಿಸುತ್ತದೆ, ಅದರ ಕೆಳಗೆ ಒಂದು ತಟ್ಟೆ ಇಡಬೇಕು. ತಟ್ಟೆಯಲ್ಲಿ ಬಿದ್ದದ್ದನ್ನು ಜೂನ್ ಮಳೆಗೆ ಬಿತ್ತಲು ಪೊಟ್ಟಣ ಕಟ್ಟಿಟ್ಟಿದ್ದೇನೆ. ಫೋಮಿನ ಇನ್ನೊಂದು ಇಟ್ಟಿಗೆ ಅಟ್ಟದ ಮೇಲಿದೆ. ಯಾರಿಗಾದರೂ ಕೊಡೋಣವೆಂದರೆ ಮನಸ್ಸಾಗುತ್ತಿಲ್ಲ, ಎಸೆಯೋಣವೆಂದರೆ ಅದೂ ಆಗುತ್ತಿಲ್ಲ.