ಪೆನ್‌ಡ್ರೈವ್‌ನ ಬೀಗ ಯಾರ ಕೈಯಲ್ಲಿದೆ?

ಜೆರಾಕ್ಸ್ ಅಂಗಡಿಯಿಂದ ತಂದ ಪೆನ್‌ಡ್ರೈವನ್ನು ಮನೆಯಲ್ಲಿ ತೆರೆದಾಗ ಫೋಲ್ಡರ್‌ಗಳೆಲ್ಲ ಇದ್ದ ಹಾಗೇ ಕಂಡವು. ಆದರೆ ‘ಪ್ರಶ್ನೆಪತ್ರಿಕೆ’ ಎಂಬುದರ ಮೂಲೆಯಲ್ಲೊಂದು ಪುಟ್ಟ ಬಾಣದ ಗುರುತು. ಗಾತ್ರ ನೋಡಿದರೆ ಎರಡೇ ಕೆಬಿ. ಶಾರ್ಟ್‌ಕಟ್ ವೈರಸ್! ಅಸಲಿ ಫೋಲ್ಡರನ್ನು ಬಚ್ಚಿಟ್ಟು ಅದರ ಹೆಸರಿನಲ್ಲಿ ತಾನು ಕುಳಿತಿರುತ್ತದೆ. ಒತ್ತಿದರೆ ಫೋಲ್ಡರೂ ತೆರೆಯುತ್ತದೆ, ವೈರಸ್ಸೂ ಓಡುತ್ತದೆ. ಬಚ್ಚಿಟ್ಟದ್ದನ್ನು ಮತ್ತೆ ಕಾಣಿಸುವ ‘ಅಟ್ರಿಬ್’ ಆದೇಶ ಕೊಟ್ಟು ಕಡತಗಳನ್ನು ಹೊರತೆಗೆದೆ. ಆಮೇಲೆ ಹಟಕ್ಕೆ ಬಿದ್ದು, ವೈರಸ್ ಮತ್ತೆ ಹತ್ತದಂತೆ ತಡೆಯುವ ನಾಲ್ಕು ಉಪಾಯಗಳನ್ನು ಅದೇ ಅಂಗಡಿಯ ಅದೇ ಕಂಪ್ಯೂಟರಿನಲ್ಲಿ ಒಂದೊಂದಾಗಿ ಪರೀಕ್ಷಿಸಿದೆ.

ಮೊದಲನೆಯದು ಹಳೆಯ ಕಾಲದ್ದು: ‘ಆಟೊರನ್.ಐಎನ್ಎಫ್’ ಎಂಬ ಹೆಸರಿನ ಖಾಲಿ ಫೋಲ್ಡರ್ ಮಾಡಿಡುವುದು. ಡ್ರೈವ್ ಚುಚ್ಚಿದೊಡನೆ ಏನನ್ನು ಓಡಿಸಬೇಕೆಂದು ವಿಂಡೋಸ್‌ಗೆ ಹೇಳುವ ಕಡತದ ಹೆಸರು ಅದು. ಫೋಲ್ಡರ್ ಇದ್ದರೆ ಅದೇ ಹೆಸರಿನ ಕಡತ ಬರೆಯಲು ವೈರಸ್‌ಗೆ ಜಾಗ ಸಿಗುವುದಿಲ್ಲ. ಪೆನ್‌ಡ್ರೈವ್‌ಗಳ ಮೂಲಕವೂ ಹರಡುತ್ತಿದ್ದ ಕಾನ್‌ಫಿಕರ್ ವೈರಸ್‌ನ 2008ರ ಹಾವಳಿಯ ಹೊತ್ತಿಗೆ ಇದಕ್ಕೊಂದು ಅರ್ಥವಿತ್ತು. ಆದರೆ ಪೆನ್‌ಡ್ರೈವ್ ಚುಚ್ಚಿದೊಡನೆ ಅದರೊಳಗಿನದನ್ನು ಓಡಿಸುವ ಚಾಳಿಯನ್ನು ವಿಂಡೋಸ್ 7 ಬಿಟ್ಟಿತು. 2011ರಲ್ಲಿ ಎಕ್ಸ್‌ಪಿ, ವಿಸ್ತಾಗಳಿಗೂ ಮೈಕ್ರೋಸಾಫ್ಟ್ ಅದನ್ನು ಬಿಡಿಸಿತು. ಈಗಿನ ವೈರಸ್ ನಮ್ಮ ಬೆರಳಿನಿಂದಲೇ ಒತ್ತಿಸಿಕೊಳ್ಳುತ್ತದೆ. ನನ್ನ ಖಾಲಿ ಫೋಲ್ಡರ್ ಹಾಗೇ ಇತ್ತು, ಪಕ್ಕದಲ್ಲಿ ಬಾಣಗಳೂ ಇದ್ದವು.

ಎರಡನೆಯದು ಎನ್‌ಟಿಎಫ್ಎಸ್, ಅಂದರೆ ಯಾರು ಎಲ್ಲಿ ಬರೆಯಬಹುದೆಂದು ಗೊತ್ತುಮಾಡಲು ಬಿಡುವ, ಕಡತಗಳನ್ನು ಜೋಡಿಸಿಡುವ ಒಂದು ಮಾದರಿ. ಡ್ರೈವನ್ನು ಆ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ, ಡ್ರೈವ್ ತೆರೆದೊಡನೆ ಸಿಗುವ ಹೊರಗಿನ ಜಗಲಿಯಲ್ಲಿ ಯಾರಿಗೂ ಬರೆಯುವ ಅನುಮತಿ ಕೊಡದೆ, ಒಳಗೊಂದು ಫೋಲ್ಡರಿಗೆ ಮಾತ್ರ ಕೊಟ್ಟೆ. ಕಾಸು ಖರ್ಚಿಲ್ಲದೆ ಇಷ್ಟು ಚೆನ್ನಾಗಿ ನಡೆಯುತ್ತದೆಂದು ಎಣಿಸಿರಲಿಲ್ಲ. ಜಗಲಿಯಲ್ಲಿ ಒಂದೂ ಬಾಣವಿರಲಿಲ್ಲ. ತೊಂದರೆ ಬಂದದ್ದು ಬೇರೆ ಕಡೆ: ಅಂಗಡಿಯ ದೊಡ್ಡ ಜೆರಾಕ್ಸ್ ಯಂತ್ರಕ್ಕೇ ನೇರವಾಗಿ ಚುಚ್ಚಿದರೆ ಅದು ಡ್ರೈವನ್ನು ಗುರುತಿಸಲಿಲ್ಲ, ಅದಕ್ಕೆ ಫ್ಯಾಟ್32 ಎಂಬ ಹಳೆಯ ಮಾದರಿಯೇ ಬೇಕಂತೆ. ಮೇಲಾಗಿ ಈ ಅನುಮತಿಯನ್ನು ಜಾರಿ ಮಾಡುವುದು ಅದೇ ಸೋಂಕಿತ ಕಂಪ್ಯೂಟರಿನ ವಿಂಡೋಸ್. ಅಡ್ಮಿನ್ ಅಧಿಕಾರ ದಕ್ಕಿದ ವೈರಸ್ ಮನಸ್ಸು ಮಾಡಿದರೆ ಅನುಮತಿಯನ್ನೇ ತಿದ್ದಬಹುದು.

ಮೂರನೆಯದರಲ್ಲಿ, ಬರಹ ತಡೆಯಲೆಂದು ಎಸ್‌ಡಿ ಕಾರ್ಡಿನ ಪಕ್ಕದಲ್ಲಿರುವ ಪುಟ್ಟ ಗುಬುಟನ್ನು ನಂಬಿ ಮೋಸಹೋದೆ. ಅದರ ಹಿಂದೆ ತಂತಿಯಿಲ್ಲ, ಏನೂ ಇಲ್ಲ, ಬರೀ ಪ್ಲಾಸ್ಟಿಕ್. ಅದು ಎಲ್ಲಿದೆಯೆಂದು ನೋಡಿ ಗೌರವಿಸಬೇಕಾದದ್ದು ಕಾರ್ಡ್ ರೀಡರ್. ನನ್ನ ಅಗ್ಗದ ರೀಡರ್ ಅತ್ತ ಕಣ್ಣೆತ್ತಿಯೂ ನೋಡದೆ ಬರೆಯಿತು.

ನಾಲ್ಕನೆಯದು ಬರಹ ತಡೆಯುವ ಸ್ವಿಚ್ ಇರುವ ಪೆನ್‌ಡ್ರೈವ್. ನೋಡಲು ಅದೇ ಗುಬುಟು, ಆದರೆ ಇಲ್ಲಿ ‘ಆಗದು’ ಎನ್ನುವುದು ಡ್ರೈವ್‌ನೊಳಗಿನ ಚಿಪ್. ಕಂಪ್ಯೂಟರಿನ ಮರ್ಜಿ ಬೇಕಿಲ್ಲ. ಹುಡುಕುವುದು ಕಷ್ಟ, ಬೆಲೆಯೂ ಜಾಸ್ತಿ. ಚುಚ್ಚುವ ಮೊದಲೇ ಸ್ವಿಚ್ ಜರುಗಿಸಬೇಕು, ಮರೆತರೆ ಮುಗಿಯಿತು. ಆದರೂ ಈಗ ಜೇಬಿನಲ್ಲಿರುವುದು ಇದೇ. ಅಂಗಡಿಯಿಂದ ಏನಾದರೂ ತರಬೇಕಿದ್ದ ದಿನ ಮಾತ್ರ ಎನ್‌ಟಿಎಫ್ಎಸ್ ಡ್ರೈವ್.

ಮೊನ್ನೆ ಪ್ರಶ್ನೆಪತ್ರಿಕೆಯಲ್ಲೊಂದು ತಿದ್ದುಪಡಿ ಬೇಕಾಯಿತು. ಡ್ರೈವ್‌ನಲ್ಲಿ ಉಳಿಸಲಾಗದೆ ಅಂಗಡಿಯ ಹುಡುಗ ಅದನ್ನು ಡೆಸ್ಕ್‌ಟಾಪಿಗೆ ಹಾಕಿಕೊಂಡ. ಮುದ್ರಣವಾದ ಮೇಲೆ, “ಅದನ್ನು ಅಳಿಸಿಬಿಡಪ್ಪಾ, ಕಸದಬುಟ್ಟಿಯಿಂದಲೂ” ಎಂದು ಅವನ ಹೆಗಲ ಹಿಂದೆಯೇ ನಿಂತೆ. ನನ್ನ ಹಿಂದೆ ಆಧಾರ್ ಪ್ರತಿಗಾಗಿ ನಿಂತಿದ್ದವರು ಗೊಣಗುತ್ತಿದ್ದರು.