ಕೆಂಪು ಮುರುಗಲು, ಬಿಳಿ ಮುರುಗಲು, ಉಪ್ಪಾಗೆ: ಯಾವ ಹುಳಿ ಯಾವುದಕ್ಕೆ?

ಮೂರೂ ಪಶ್ಚಿಮಘಟ್ಟದ ಕಾಡಿನ ಹಣ್ಣುಗಳು, ಮೂರೂ ಗಾರ್ಸಿನಿಯಾ ಕುಲದವು. ಮೂರರ ಸಿಪ್ಪೆಯಲ್ಲೂ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೇ ಮುಖ್ಯ ಹುಳಿ. ಹಾಗಾಗಿ ಒಂದಿಲ್ಲದಿದ್ದರೆ ಇನ್ನೊಂದು ಹಾಕಿದರಾಯಿತು ಎನ್ನುವವರೇ ಹೆಚ್ಚು. ಮೂರನ್ನೂ ಒಂದೇ ತೂಕದಲ್ಲಿ ಪಾನಕಕ್ಕೆ, ಸಾರಿಗೆ, ಮೀನಿನ ಪದಾರ್ಥಕ್ಕೆ ಹಾಕಿ ಪಕ್ಕಪಕ್ಕದಲ್ಲಿಟ್ಟು ರುಚಿ ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಕೆಂಪು ಮುರುಗಲಿಗೆ ಹೆಚ್ಚು ಬೆಂಕಿ ಆಗದು. ಉಪ್ಪಾಗೆಗೆ ಬೆಂಕಿಯೇ ಬೇಕು.

ಕೆಂಪು ಮುರುಗಲು ಎಂದರೆ ಕರಾವಳಿಯ ಪುನರ್ಪುಳಿ, ಮಹಾರಾಷ್ಟ್ರದ ಕೋಕಂ. ಲಿಂಬೆ ಗಾತ್ರದ ನುಣುಪು ಹಣ್ಣು, ಮಾಗಿದಾಗ ಕಡುಗೆಂಪು. ಬಿಳಿ ಮುರುಗಲು ಇದೇ ಜಾತಿಯ ಹಳದಿ ಹಣ್ಣು. ಉತ್ತರ ಕನ್ನಡದ ಶಿರಸಿ, ಸಿದ್ದಾಪುರದ ಕಡೆಯವರಿಗೆ ಚೆನ್ನಾಗಿ ಗೊತ್ತು. ಉಪ್ಪಾಗೆ ಬೇರೆಯೇ ಜಾತಿ. ಮೈಮೇಲೆ ಉದ್ದುದ್ದ ಉಬ್ಬುಗೆರೆಗಳಿದ್ದು ಪುಟ್ಟ ಸಿಹಿಗುಂಬಳದಂತೆ ಕಾಣುತ್ತದೆ. ಕೇರಳದ ಕುಡಂಪುಳಿ ಇದೇ. ಕೊಡಗಿನ ಕಾಚಂಪುಳಿಯೂ ಇದರದ್ದೇ: ಹಣ್ಣು ಕೊಳೆತು ಇಳಿದ ರಸವನ್ನು ಕಪ್ಪಾಗಿ ಗಟ್ಟಿಯಾಗುವವರೆಗೆ ಕಾಯಿಸಿದ್ದು.

ಪಾನಕದಲ್ಲಿ ಕೆಂಪು ಮುರುಗಲನ್ನು ಮೀರಿಸಲು ಉಳಿದೆರಡಕ್ಕೂ ಆಗದು. ಹಣ್ಣು ತೊಳೆದು ನೀರಿನ ಪಸೆ ಪೂರ್ತಿ ಒರೆಸಿ, ಎರಡು ಹೋಳು ಮಾಡಿ ಬೀಜ ತೆಗೆಯಿರಿ. ಒಂದು ಕಿಲೋ ಸಿಪ್ಪೆಗೆ ಎರಡು ಕಿಲೋ ಸಕ್ಕರೆ. ಗಾಜಿನ ಬಾಟಲಿ ಅಥವಾ ಪಿಂಗಾಣಿ ಭರಣಿಯಲ್ಲಿ ಸಿಪ್ಪೆ, ಸಕ್ಕರೆ ಪದರ ಪದರವಾಗಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಒಂದು ವಾರ ಬಿಸಿಲಿಗಿಡಿ. ದಿನಕ್ಕೊಮ್ಮೆ ಒಣ ಮರದ ಸೌಟಿನಿಂದ ತಿರುವಿ. ಸಕ್ಕರೆಯೆಲ್ಲ ಕರಗಿದ ಮೇಲೆ ಸೋಸಿ. ಕುಡಿಯುವಾಗ ಒಂದು ಪಾಲು ರಸಕ್ಕೆ ಐದು ಪಾಲು ನೀರು, ಚಿಟಿಕೆ ಉಪ್ಪು, ಹುರಿದ ಜೀರಿಗೆ ಪುಡಿ.

ಕೆಡುವುದು ಹೆಚ್ಚಾಗಿ ಎರಡೇ ಕಾರಣಕ್ಕೆ. ಸಕ್ಕರೆ ಕಡಿಮೆಯಾದರೆ ಅಥವಾ ಒದ್ದೆ ಸೌಟು ತಾಗಿದರೆ ಹುದುಗಿ ನೊರೆ ಬರುತ್ತದೆ. ಬೇಗ ಆಗಲೆಂದು ಒಲೆಯ ಮೇಲಿಟ್ಟು ಕುದಿಸಿದರೆ ಆ ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಏಕೆಂದರೆ ಬಣ್ಣ ಕೊಡುವ ಆಂಥೋಸಯನಿನ್ ಶಾಖಕ್ಕೆ ಒಡೆಯುತ್ತದೆ. ಅಲ್ಯೂಮಿನಿಯಂ ಪಾತ್ರೆಯನ್ನಂತೂ ಮುಟ್ಟಬೇಡಿ. ಹುಳಿ ಲೋಹವನ್ನು ತಿನ್ನುತ್ತದೆ.

ಬಿಳಿ ಮುರುಗಲಿಗೂ ಇದೇ ಕ್ರಮ, ಇದೇ ಅಳತೆ. ಬಣ್ಣ ತೆಳು ಹಳದಿ, ರುಚಿ ಮೆದು, ಗಂಟಲಿಗೆ ತಂಪು. ಮಲೆನಾಡಿನ ಮನೆಗಳಲ್ಲಿ ಪಿತ್ತಕ್ಕೆ ಒಳ್ಳೆಯದೆಂದು ಇದನ್ನೇ ಹುಡುಕುತ್ತಾರೆ. ಒಣಗಿಸಿದ ಸಿಪ್ಪೆ ಕಂದಾಗುವುದು ಸಹಜ, ಕೆಟ್ಟಿತೆಂದು ಎಸೆಯಬಾರದು. ಉಪ್ಪಾಗೆಯ ಪಾನಕದಲ್ಲಿ ಎಷ್ಟು ಸಕ್ಕರೆ ಸುರಿದರೂ ಒಗರು ಉಳಿಯುತ್ತದೆ. ಹೊಗೆಯಲ್ಲಿ ಒಣಗಿಸಿದ್ದಾದರೆ ಲೋಟದಲ್ಲೂ ಹೊಗೆಯದೇ ವಾಸನೆ. ಇದು ಪಾನಕದ ಹುಳಿಯಲ್ಲ.

ಸಾರಿಗೆ ಒಣ ಕೆಂಪು ಸಿಪ್ಪೆ ಎಂಟು ಹತ್ತು ಹೋಳು, ನೀರು ಒಂದು ಲೀಟರ್. ಎರಡು ಲೋಟ ನೀರಲ್ಲಿ ಸಿಪ್ಪೆಯನ್ನು ಅರ್ಧ ಗಂಟೆ ನೆನೆಸಿಡಿ. ಉಳಿದ ನೀರಿಗೆ ಬೆಲ್ಲ, ಸೀಳಿದ ಹಸಿಮೆಣಸು ಹಾಕಿ ಕುದಿಸಿ, ಕೊನೆಗೆ ನೆನೆಸಿದ ರಸ ಸೇರಿಸಿ ಒಂದು ಕುದಿ ಬರುತ್ತಿದ್ದಂತೆ ಇಳಿಸಿ. ಅಂಗಡಿಯ ಸಿಪ್ಪೆಗೆ ಉಪ್ಪು ಹಚ್ಚಿರುತ್ತಾರೆ, ಆದ್ದರಿಂದ ರುಚಿ ನೋಡಿದ ಮೇಲೆಯೇ ಉಪ್ಪು ಹಾಕಬೇಕು. ತೆಂಗಿನಹಾಲು ಬೆರೆಸಿದ ಕೊಂಕಣದ ಪಾನೀಯ ಸೋಲ್ ಕಡಿಗೂ ಕೆಂಪೇ ಸರಿ. ಬಿಸಿ ಮಾಡಿದರೆ ಮಾತ್ರ ಹಾಲು ಒಡೆಯುತ್ತದೆ.

ಮೀನಿಗೆ ಬಂದರೆ ಲೆಕ್ಕ ತಿರುವುಮುರುವು. ಅರ್ಧ ಕಿಲೋ ಬಂಗುಡೆಗೆ ಮೂರು ನಾಲ್ಕು ಹೋಳು ಒಣ ಉಪ್ಪಾಗೆ ಸಾಕು. ತೊಳೆದು, ಬಿಸಿನೀರಲ್ಲಿ ಹದಿನೈದು ನಿಮಿಷ ನೆನೆಸಿ, ನೀರಿನ ಸಮೇತ ಮಸಾಲೆಗೆ ಹಾಕಿ ಕುದಿಸಿ. ಕುದಿದಷ್ಟೂ ಹುಳಿ ನಿಧಾನವಾಗಿ ಬಿಡುತ್ತದೆ, ಹೊಗೆಯ ಘಮ ಇಲ್ಲಿ ಗುಣವಾಗುತ್ತದೆ. ಒಲೆ ಆರಿಸಿದ ಮೇಲೂ ಬಿಡುತ್ತಲೇ ಇರುವುದರಿಂದ ಹದ ಸಿಕ್ಕಿದ ಕೂಡಲೇ ಹೋಳು ತೆಗೆದಿಡಿ, ಇಲ್ಲವಾದರೆ ಮಾರನೆಯ ದಿನ ತಿನ್ನಲಾಗದಷ್ಟು ಹುಳಿ. ಇದೇ ಕೆಲಸಕ್ಕೆ ಕೆಂಪು ಮುರುಗಲು ಹಾಕಿದರೆ ಹುಳಿ ಬರುತ್ತದೆ, ಆದರೆ ಸಾರಿಗೆ ಮೈ ಬರುವುದಿಲ್ಲ. ಬಿಳಿಯದಂತೂ ಮಸಾಲೆಯಲ್ಲಿ ಕಾಣೆಯಾಗುತ್ತದೆ.

ಈ ಹೊಗೆಗೆ ಕಾರಣ ಮಳೆ. ಮುರುಗಲು ಏಪ್ರಿಲ್, ಮೇ ಬಿಸಿಲಲ್ಲಿ ಹಣ್ಣಾಗುತ್ತದೆ. ಬೀಜದ ಸುತ್ತಲಿನ ರಸಕ್ಕೆ ಉಪ್ಪು ಕಲಸಿ, ಸಿಪ್ಪೆಯನ್ನು ಮತ್ತೆ ಮತ್ತೆ ಅದರಲ್ಲಿ ಅದ್ದಿ ಒಣಗಿಸಲು ಬಿಸಿಲು ಸಿಗುತ್ತದೆ. ಉಪ್ಪಾಗೆ ಹಣ್ಣಾಗುವುದು ಜೂನ್‌ನಿಂದ ಆಗಸ್ಟ್, ಹಾಗಾಗಿ ಒಲೆಯ ಮೇಲಿನ ಅಟ್ಟವೇ ಗತಿ. 1990ರ ದಶಕದಲ್ಲಿ ತೂಕ ಇಳಿಸುವ ಮಾತ್ರೆಗೆಂದು ಇದರ ಸಿಪ್ಪೆಗೆ ಬೇಡಿಕೆ ಏರಿದಾಗ, ಬಲಿಯದ ಕಾಯಿಯನ್ನೂ ಕೊಂಬೆ ಕಡಿದು ಕೊಯ್ದರು, ಒಣಗಿಸಲು ಕಾಡಿನ ಕಟ್ಟಿಗೆ ಉರಿಸಿದರು. ಕೊಳ್ಳುವಾಗ ದಪ್ಪನೆಯ, ಮಾಗಿದ ಹಣ್ಣಿನ ಸಿಪ್ಪೆಯನ್ನೇ ಕೇಳಿ. ಎಳೆಯದು ತೆಳುವಾಗಿ, ಒಗರಾಗಿರುತ್ತದೆ.

ಬೀಜ ಎಸೆಯಬೇಡಿ. ಒಣಗಿಸಿ ಕುಟ್ಟಿ ನೀರಲ್ಲಿ ಕುದಿಸಿದರೆ ತುಪ್ಪ ತೇಲುತ್ತದೆ. ಮುರುಗಲು ತುಪ್ಪ ಗಟ್ಟಿ, ಹಿಮ್ಮಡಿ ಒಡಕಿಗೆ ಹಚ್ಚಲು ಚೆನ್ನ. ದೋಸೆಗೆ ಉಪ್ಪಾಗೆ ತುಪ್ಪವೇ ರುಚಿ.

ಗಿಡ ನೆಡುವವರು ಕಸಿ ಗಿಡವನ್ನೇ ತರುವುದು ಮೇಲು. ಮುರುಗಲಿನಲ್ಲಿ ಗಂಡು, ಹೆಣ್ಣು ಮರ ಬೇರೆ ಬೇರೆ. ಬೀಜದಿಂದ ಎದ್ದ ಸಸಿ ಗಂಡೋ ಹೆಣ್ಣೋ ಎಂದು ಅದು ಹೂ ಬಿಡುವವರೆಗೆ ತಿಳಿಯುವುದಿಲ್ಲ, ಅದಕ್ಕೆ ವರ್ಷಗಟ್ಟಲೆ ಕಾಯಬೇಕು.